ಗಮಾರ: ಒಂದು ಬೈಗುಳದ ಚರಿತ್ರೆ

ನಾವು ಓದಿದ್ದು ಎರಡು ಬಗೆಯ ಶಾಲೆಗಳಲ್ಲಿ. ಏಳನೆಯ ತರಗತಿಯವರೆಗೆ ಬಯಲುಸೀಮೆಯ ನಮ್ಮ ಊರಿನ ಉರ್ದು ಶಾಲೆ, ಆ ಬಳಿಕ ಹತ್ತಿರದ ಪಟ್ಟಣದ ಕನ್ನಡ ಹೈಸ್ಕೂಲು. ಉರ್ದು ಶಾಲೆಯಲ್ಲಿದ್ದಾಗ ಒಂದು ದಿನ ಮಾಸ್ಟರರು, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳಿದರು. 'ಘರ್ ಮೇಂ ಕಾಮಾಂ ಥೇ, ಸಾಬ್' ಎಂದೆವು. ಮನೆಯಲ್ಲಿ ಕೆಲಸಗಳಿದ್ದವು ಎಂದು ಇದರರ್ಥ. ನಮ್ಮ ಮನೆಯಲ್ಲಿ, ಕೇರಿಯಲ್ಲಿ ಎಲ್ಲರೂ 'ಕಾಮಾಂ' ಎಂದೇ ಹೇಳುತ್ತಿದ್ದರು. ಮಾಸ್ಟರರಿಗೆ ರೇಗಿಹೋಯಿತು. 'ಕಾಮಾಂ ಅಲ್ಲ, ಕಾಮ್! ಗಂವಾರ್ ಕಹೀಂ ಕಾ!' ಎಂದು ಬೈದರು. ತರಗತಿಯೆಲ್ಲ ನಕ್ಕಿತು. ನಕ್ಕವರೂ ಮನೆಗೆ ಹೋದ ಮೇಲೆ 'ಕಾಮಾಂ' ಎನ್ನುವವರೇ.

ಎರಡು ವರ್ಷಗಳ ನಂತರ ಕನ್ನಡ ಹೈಸ್ಕೂಲಿನಲ್ಲಿ ಪಾಠ ಗಟ್ಟಿಯಾಗಿ ಓದುವ ಸರದಿ ನಮ್ಮ ಬೆಂಚಿಗೆ ಬಂತು. ಉರ್ದು ಕಲಿತ ನಾಲಗೆಗೆ ಹಕಾರದ ತೊಂದರೆ ಇರಲಿಲ್ಲ. ಆದರೆ ಪಕ್ಕದಲ್ಲಿ ಕುಳಿತಿದ್ದ ಗೆಳೆಯ ರೈತರ ಮನೆಯ ಹುಡುಗ. 'ಹಾಲು' ಎಂದಿದ್ದುದನ್ನು 'ಆಲು' ಎಂದು ಓದಿದ. 'ಹಾಲು ಅನ್ನೋಕೂ ಬರಲ್ವೇನೋ, ಗಮಾರ?' ಎಂದರು ಮೇಷ್ಟ್ರು. ಎಲ್ಲರೊಂದಿಗೆ ನಾವೂ ನಕ್ಕೆವು. ನಗು ಮುಗಿಯುವ ಮೊದಲೇ ಒಂದು ಸಂಗತಿ ಹೊಳೆಯಿತು. ಅರೆ, ಇದು ನಮಗೆ ಬಿದ್ದ ಪದವೇ ಅಲ್ಲವೇ? ಎರಡು ಭಾಷೆ, ಎರಡು ಶಾಲೆ, ಇಬ್ಬರು ಮೇಷ್ಟ್ರುಗಳು. ಬೈಗುಳ ಮಾತ್ರ ಒಂದೇ.

ಈ ಪದದ ಬೆನ್ನು ಹತ್ತಿ ಹೋದರೆ ಹಳ್ಳಿಗರ ಬಗ್ಗೆ ತಿಳಿಯುವುದಕ್ಕಿಂತ ಹೆಚ್ಚಾಗಿ ಹಳ್ಳಿಗರನ್ನು ನೋಡಿ ನಗುವವರ ಬಗ್ಗೆ ತಿಳಿಯುತ್ತದೆ.

ಪದದ ಬೇರು

ಸಂಸ್ಕೃತದ 'ಗ್ರಾಮ' ಪ್ರಾಕೃತದಲ್ಲಿ 'ಗಾಮ' ಆಯಿತು. ಹಿಂದಿ, ಉರ್ದುಗಳಲ್ಲಿ ಅದೇ 'ಗಾಂವ್'. ಗಾಂವ್‌ನಲ್ಲಿ ಇರುವವನು ಗಂವಾರ್. ಮರಾಠಿಯಲ್ಲಿ ಗವಾರ, ಕನ್ನಡದಲ್ಲಿ ಗಮಾರ. ಮೂಲದಲ್ಲಿ ಈ ಪದಕ್ಕೆ 'ಹಳ್ಳಿಯವನು' ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಬೇಕಿರಲಿಲ್ಲ. ಆದರೆ ಹಳ್ಳಿಯವನು ಎಂದರೆ ತಿಳಿವಳಿಕೆ ಇಲ್ಲದವನು, ಒರಟ, ದಡ್ಡ ಎಂಬ ಎರಡನೆಯ ಅರ್ಥ ಬಂದು ಸೇರಿತು. ಕನ್ನಡಕ್ಕೆ ಬರುವ ಹೊತ್ತಿಗೆ ಮೊದಲ ಅರ್ಥ ಉದುರಿ ಎರಡನೆಯದಷ್ಟೇ ಉಳಿದಿತ್ತು. ಆದುದರಿಂದಲೇ ನಾವು 'ಹಳ್ಳಿ ಗಮಾರ' ಎಂದು ಹಳ್ಳಿಯನ್ನು ಬೇರೆಯಾಗಿ ಸೇರಿಸಿ ಹೇಳುತ್ತೇವೆ. ಪದದೊಳಗೇ ಒಂದು ಹಳ್ಳಿ ಇದೆ ಎಂಬುದು ನಮಗೆ ಮರೆತುಹೋಗಿದೆ.

ಹಾಗೆಂದು ಈ ತಾತ್ಸಾರ ಉತ್ತರದಿಂದಲೇ ಬಂತು ಎನ್ನುವಂತಿಲ್ಲ. ಗಾಂಪ, ಗಾವಿಲ ಎಂಬ ಹಳೆಯ ಪದಗಳು ಕನ್ನಡದಲ್ಲಿ ಮೊದಲೇ ಇದ್ದವು. ದಂಡಿ, ವಾಮನ ಮೊದಲಾದ ಸಂಸ್ಕೃತದ ಕಾವ್ಯಮೀಮಾಂಸಕರು 'ಗ್ರಾಮ್ಯ' ಎಂಬುದನ್ನು ಕಾವ್ಯದ ದೋಷಗಳಲ್ಲಿ ಸೇರಿಸಿದ್ದರು. ಇಂದಿಗೂ ಕನ್ನಡ ಪರೀಕ್ಷೆಯಲ್ಲಿ ಗ್ರಾಮ್ಯ ಪದಗಳನ್ನು ಕೊಟ್ಟು ಗ್ರಾಂಥಿಕ ರೂಪ ಬರೆಯಿರಿ ಎಂದು ಕೇಳುವುದುಂಟು. ಮಗುವಿನ ಮನೆಯ ಮಾತು ತಪ್ಪಿನ ಸಾಲಿನಲ್ಲಿ, ಪುಸ್ತಕದ ಮಾತು ಸರಿಯ ಸಾಲಿನಲ್ಲಿ.

ಇದರ ನಡುವೆ ಒಂದು ಸ್ವಾರಸ್ಯವೂ ಇದೆ. 1574ರಲ್ಲಿ ರಾಮಚರಿತಮಾನಸವನ್ನು ಬರೆಯತೊಡಗಿದ ತುಲಸೀದಾಸರು ತಮ್ಮ ಮಾತು ಗ್ರಾಮ್ಯ ಎಂದು ತಾವೇ ಹೇಳಿಕೊಂಡಿದ್ದಾರೆ. ಸಂಸ್ಕೃತವನ್ನು ಬಿಟ್ಟು ಜನರಾಡುವ ಅವಧಿಯಲ್ಲಿ ಬರೆದವರು ಅವರು. ಅದೇ ಕೃತಿಯಲ್ಲಿ ಗಂವಾರರನ್ನು ದಂಡಿಸಬೇಕಾದವರ ಸಾಲಿಗೆ ಸೇರಿಸುವ ಮಾತೂ ಒಂದು ಪಾತ್ರದ ಬಾಯಲ್ಲಿ ಬರುತ್ತದೆ. ಅದರ ಮೇಲಿನ ವಾದವಿವಾದ ಇಂದಿಗೂ ನಿಂತಿಲ್ಲ. ಹಳ್ಳಿಯ ಮಾತನ್ನು ಅಪ್ಪಿಕೊಂಡ ಕೃತಿಯೊಳಗೂ ಹಳ್ಳಿಗನನ್ನು ಕೀಳಾಗಿ ಕಾಣುವ ಪದ ಉಳಿದುಬಿಟ್ಟಿತು.

ನಗರದಿಂದ ಬಂದ ನಾಗರಿಕ

ಬೈಗುಳವನ್ನು ಅರಿಯಬೇಕಾದರೆ ಅದರ ಎದುರು ನಿಂತಿರುವ ಹೊಗಳಿಕೆಯನ್ನೂ ನೋಡಬೇಕು. ಗಮಾರನ ಎದುರು ಯಾರಿದ್ದಾನೆ? ನಾಗರಿಕ. ನಗರದಲ್ಲಿ ವಾಸಿಸುವವನು ಎಂಬುದು ಅದರ ಅರ್ಥ. ಸಭ್ಯತೆಗೆ ನಾವು ಕೊಟ್ಟಿರುವ ಹೆಸರು 'ನಾಗರಿಕತೆ'. ದೇಶದ ಪ್ರಜೆಗೆ ಇರುವ ಇನ್ನೊಂದು ಹೆಸರು 'ಪೌರ'. ಅದೂ ಪುರದಿಂದ, ಅಂದರೆ ಪಟ್ಟಣದಿಂದ ಬಂದದ್ದು. ಉರ್ದುವಿನಲ್ಲಿಯೂ ಇದೇ ಕಥೆ. ಪ್ರಜೆಗೆ 'ಶಹ್ರೀ' ಎನ್ನುತ್ತಾರೆ, ಶಹರದವನು ಎಂದು. ನಾಗರಿಕತೆಗೆ 'ತಮದ್ದುನ್' ಎನ್ನುತ್ತಾರೆ. ಅದರ ಬೇರಿನಲ್ಲಿರುವುದು ಮದೀನಾ, ಎಂದರೆ ನಗರ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಪ್ರತಿ 100 ಜನರಲ್ಲಿ 61 ಮಂದಿ ಹಳ್ಳಿಗಳಲ್ಲಿದ್ದರು. ಅವರೆಲ್ಲರೂ ಕಾನೂನಿನ ಪ್ರಕಾರ ಪೌರರು, ನಾಗರಿಕರು. ಆದರೆ ಆ ಹೆಸರುಗಳಲ್ಲಿ ಅವರ ಊರಿಲ್ಲ.

ಯುರೋಪಿನ ಭಾಷೆಗಳೂ ಇದಕ್ಕೆ ಹೊರತಲ್ಲ. ಸಿನಿಮಾ ನೋಡುವವರಿಗೆಲ್ಲ ಗೊತ್ತಿರುವ 'ವಿಲನ್' ಎಂಬ ಪದ ಲ್ಯಾಟಿನ್ನಿನ 'ವಿಲ್ಲಾ'ದಿಂದ ಹುಟ್ಟಿದ್ದು. ವಿಲ್ಲಾ ಎಂದರೆ ಆಗ ಹೊಲಗದ್ದೆಗಳಿದ್ದ ಧಣಿಯ ಜಹಗೀರು. ಅಲ್ಲಿ ನೆಲಕ್ಕೆ ಅಂಟಿಕೊಂಡು ದುಡಿಯುತ್ತಿದ್ದ ಒಕ್ಕಲಾಳೇ ಮೂಲದ 'ವಿಲನ್'. ಧಣಿಗಳ ಬಾಯಲ್ಲಿ ಅವನು ಮೊದಲು ಒರಟನಾದ, ಬಳಿಕ ನೀಚನಾದ, ಕೊನೆಗೆ ಖಳನಾಯಕನಾದ. ವಿಲ್ಲಾ ಮಾತ್ರ ಇಂದಿಗೂ ಶ್ರೀಮಂತರ ಮನೆಯ ಹೆಸರಾಗಿ ಉಳಿದಿದೆ.

ಆದರೆ ಎಲ್ಲ ಕಾಲದಲ್ಲೂ ಹೀಗೆಯೇ ಇತ್ತು ಎಂದುಕೊಳ್ಳಬೇಕಾಗಿಲ್ಲ. ಅರಬಿ ಭಾಷೆಯ ಚರಿತ್ರೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಅಧ್ಯಾಯವಿದೆ. ಎಂಟನೆಯ ಶತಮಾನದಲ್ಲಿ ಬಸ್ರಾ ಮತ್ತು ಕೂಫಾ ನಗರಗಳ ಪಂಡಿತರು ಅರಬಿ ವ್ಯಾಕರಣವನ್ನು ಕಟ್ಟುತ್ತಿದ್ದಾಗ, ಶುದ್ಧವಾದ ಮಾತು ಯಾರದು ಎಂಬ ಪ್ರಶ್ನೆ ಎದ್ದಿತು. ನಗರದವರ ಮಾತು ಕಲಬೆರಕೆಯಾಗಿದೆ, ಸರಿಯಾದ ಮಾತು ಬೇಕಾದರೆ ಮರುಭೂಮಿಯ ಬದವಿಗಳ ಬಳಿ ಹೋಗಬೇಕು ಎಂಬುದು ಅವರ ತೀರ್ಮಾನವಾಗಿತ್ತು. ಅಸ್ಮಈಯಂಥ ವಿದ್ವಾಂಸರು ಒಂಟೆ ಕಾಯುವವರ ಬಾಯಿಂದ ಪದಗಳನ್ನು, ಕವಿತೆಗಳನ್ನು ಕೇಳಿ ಸಂಗ್ರಹಿಸಿದರು. ಅಲ್ಲಿ ನಗರದ ಪಂಡಿತ ಶಿಷ್ಯ, ಬಯಲಿನ ಕುರಿಗಾಹಿ ಗುರು. 1377ರಲ್ಲಿ ಮುಕದ್ದಿಮಾ ಬರೆದ ಇಬ್ನ್ ಖಲ್ದೂನ್ ಅದೇ ಬದವಿಗಳ ಒರಟುತನವನ್ನು ಕಟುವಾಗಿ ಟೀಕಿಸಿದರೂ, ಪಟ್ಟಣದ ಸುಖಭೋಗದಲ್ಲಿ ಮುಳುಗಿದವರಿಗಿಂತ ಅವರು ಒಳ್ಳೆಯತನಕ್ಕೆ ಹತ್ತಿರ ಎಂದು ಒಪ್ಪಿಕೊಂಡರು.

ಅಂದ ಮೇಲೆ ಹಳ್ಳಿಯ ಮಾತು ತಾನಾಗಿ ಕೀಳಲ್ಲ. ಅದನ್ನು ಕೀಳು ಮಾಡುವುದು ಇನ್ನೇನೋ ಇದೆ. ಅದೇನೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮನ್ನು ಬೈಸಿದ 'ಕಾಮಾಂ' ಎಂಬ ಪದವೇ ಸಾಕು.

ಭಾಷೆ ಗಮಾರವಾಗುವ ಬಗೆ

ನಮ್ಮ ಮನೆಗಳಲ್ಲಿ ಆಡುವುದು ದಖನಿ. ಬೇಡ ಎನ್ನಲು 'ನಕ್ಕೋ' ಎನ್ನುತ್ತೇವೆ. ಅದು ಮರಾಠಿಯ 'ನಕೋ'ದಿಂದ ಬಂದದ್ದು. ಯಾಕೆ ಎನ್ನಲು 'ಕೈಕು', ಬಹುವಚನಕ್ಕೆ 'ಬಾತಾಂ', 'ಲೋಗಾಂ', 'ಕಾಮಾಂ'. ಉತ್ತರದ ಉರ್ದು ಬಲ್ಲವರಿಗೆ ಇದೆಲ್ಲ ನಗೆಪಾಟಲು. ಹಿಂದಿ ಸಿನಿಮಾಗಳಲ್ಲಿ ಈ ಮಾತನ್ನು ಹಾಸ್ಯನಟರ ಬಾಯಲ್ಲಿ ಕೇಳಿ ಜನ ನಕ್ಕಿದ್ದಾರೆ.

ಆದರೆ ಬಹುವಚನದ ಈ 'ಆಂ' ಯಾವುದೋ ಹಳ್ಳಿಗನ ನಾಲಗೆ ಹೊರಳದೆ ಆದ ತಪ್ಪಲ್ಲ. ಬಿಜಾಪುರ ಮತ್ತು ಗೋಲ್ಕೊಂಡದ ಆಸ್ಥಾನಗಳಲ್ಲಿ ಹುಟ್ಟಿದ ದಖನಿ ಕಾವ್ಯಗಳಲ್ಲಿಯೂ ಇದೇ ರೂಪವಿದೆ. ಬಿಜಾಪುರದ ದೊರೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ್ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕವನ್ನು ರಚಿಸಿದ್ದು ದಖನಿಯಲ್ಲಿ. ಗುಲ್ಬರ್ಗದ ಬಂದೇನವಾಜರನ್ನು ನೆನೆದಂತೆಯೇ ಸರಸ್ವತಿಯನ್ನೂ ಅದರಲ್ಲಿ ಅವರು ನೆನೆದಿದ್ದಾರೆ. ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್‌ಶಾಹ್, ಬಿಜಾಪುರದ ನುಸ್ರತಿ, ಇವರೆಲ್ಲ ಬರೆದದ್ದು ಈ ಮಾತಿನಲ್ಲೇ. ಅಂದು ಅದು ಅರಮನೆಯ ಭಾಷೆ.

1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಮೊಗಲರ ವಶವಾದವು. ಆಸ್ಥಾನಗಳು ಮುಚ್ಚಿದವು. ಕವಿಗಳಿಗೆ ಆಶ್ರಯ ತಪ್ಪಿತು. ವಲಿ ದಖನಿಯವರ ಕವಿತೆಗಳು ದಿಲ್ಲಿಗೆ ಹೋಗಿ ಅಲ್ಲಿಯ ಕವಿಗಳಿಗೆ ಈ ಮಾತಿನಲ್ಲೂ ಕಾವ್ಯ ಬರೆಯಬಹುದು ಎಂಬ ಧೈರ್ಯ ಕೊಟ್ಟವು. ಆದರೆ ಕಲಿಸಿದವರ ಋಣವನ್ನು ದಿಲ್ಲಿ ಬಹಳ ದಿನ ಇಟ್ಟುಕೊಳ್ಳಲಿಲ್ಲ. 1752ರಲ್ಲಿ ಮೀರ್ ತಕಿ ಮೀರ್ ಬರೆದ ಕವಿಚರಿತೆಯಲ್ಲಿ, ರೇಖ್ತಾದ ಹುಟ್ಟು ದಖನಿನಲ್ಲಾದರೂ ಅಲ್ಲಿ ಹೇಳಿಕೊಳ್ಳುವಂಥ ಕವಿ ಏಳಲಿಲ್ಲ ಎಂಬ ಮಾತಿದೆ. 19ನೆಯ ಶತಮಾನದ ಆರಂಭದಲ್ಲಿ ಇನ್ಶಾ ಅಲ್ಲಾ ಖಾನ್ ಉರ್ದುವಿಗೆ ವ್ಯಾಕರಣ ಬರೆದಾಗ, ಒಳ್ಳೆಯ ಉರ್ದು ದಿಲ್ಲಿಯ ಯಾವ ಯಾವ ಮೊಹಲ್ಲಾಗಳಲ್ಲಿ ಸಿಗುತ್ತದೆ ಎಂದು ಎಣಿಸಿ ಹೇಳಿದರು. ಮೊಹಲ್ಲಾ ದಾಟಿದರೇ ಮಾತು ಕೆಡುತ್ತದೆ ಎಂದ ಮೇಲೆ ವಿಂಧ್ಯ ದಾಟಿದವರ ಗತಿ ಏನು?

ಮುಹಮ್ಮದ್ ಹುಸೇನ್ ಆಜಾದ್ 1880ರ ತಮ್ಮ 'ಆಬ್-ಎ-ಹಯಾತ್'ನಲ್ಲಿ ಹೇಳುವ ಒಂದು ಕಥೆ ಪ್ರಸಿದ್ಧವಾಗಿದೆ. ಮೀರ್ ಗಾಡಿಯಲ್ಲಿ ಲಖನೌಗೆ ಹೋಗುತ್ತಿದ್ದಾಗ ಸಹಪ್ರಯಾಣಿಕ ಮಾತಿಗೆಳೆದನಂತೆ. ಮೀರ್ ಮುಖ ತಿರುಗಿಸಿ ಕುಳಿತರಂತೆ. ನಿನಗೆ ಹೊತ್ತು ಹೋಗುತ್ತದೆ, ಆದರೆ ನನ್ನ ಭಾಷೆ ಕೆಡುತ್ತದೆ ಎಂದರಂತೆ. ಇದು ನಡೆದದ್ದೋ ಕಟ್ಟಿದ್ದೋ, ಉರ್ದು ಶಾಲೆಗಳಲ್ಲಿ ಇದನ್ನು ಮೆಚ್ಚಿಕೊಂಡು ಹೇಳುತ್ತಾರೆ. ನಾವೂ ಮೆಚ್ಚಿದ್ದೆವು. ಆ ಗಾಡಿಯಲ್ಲಿ ಮಾತು ಕಳೆದುಕೊಂಡು ಕುಳಿತ ಇನ್ನೊಬ್ಬ ನಮ್ಮವನೇ ಎಂದು ಹೊಳೆಯಲು ಬಹಳ ವರ್ಷ ಬೇಕಾಯಿತು.

ಕನ್ನಡದ ಕಡೆಗೆ ತಿರುಗಿದರೂ ಕಾಣುವುದು ಇದೇ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಕನ್ನಡದ ತಿರುಳು ಎಂದು ಕರೆಯಿತು. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸುತ್ತಿನ ಸೀಮೆ ಅದು. ಆಗ ರಾಷ್ಟ್ರಕೂಟರ ಅಧಿಕಾರ ಅತ್ತ ಇತ್ತು. ಅಧಿಕಾರ ದಕ್ಷಿಣಕ್ಕೆ, ಮೈಸೂರು ಬೆಂಗಳೂರುಗಳಿಗೆ ಸರಿಯಿತು. ಇಂದು ಕೊಪ್ಪಳದ ಹುಡುಗ ಬೆಂಗಳೂರಿನ ಆಫೀಸಿನಲ್ಲಿ ಬಾಯಿ ತೆರೆದರೆ ಪಕ್ಕದವರು ಮುಸಿಮುಸಿ ನಗುತ್ತಾರೆ. ತಿರುಳುಗನ್ನಡದ ನಾಡಿನ ಮಾತು ಸಿನಿಮಾದಲ್ಲಿ ಕಾಮಿಡಿಯ ಮಾತಾಯಿತು. ಬಿಜಾಪುರದ ದಖನಿಗೆ ಆದದ್ದೂ ಇದೇ. ಸಿಂಹಾಸನ ಎದ್ದುಹೋದ ಕಡೆ ಉಳಿದ ಮಾತು ಗಮಾರವಾಗುತ್ತದೆ.

ಇನ್ನು ನಮ್ಮ ಬೆಂಚಿನ ಗೆಳೆಯನ 'ಆಲು'. ಹಳಗನ್ನಡದಲ್ಲಿ ಅದು 'ಪಾಲು'. ನಡುಗನ್ನಡದ ಹೊತ್ತಿಗೆ ಪಕಾರ ಹಕಾರವಾಗಿ 'ಹಾಲು' ಆಯಿತು. 'ಪಳ್ಳಿ' ಎಂಬುದು 'ಹಳ್ಳಿ' ಆದದ್ದೂ ಹೀಗೆಯೇ. ಮೊದಲ ಬಾರಿಗೆ 'ಹಾಲು' ಎಂದವನ ಮಾತು ಪಂಡಿತರ ಕಿವಿಗೆ ಎಷ್ಟು ಒರಟಾಗಿ ಕೇಳಿಸಿರಬೇಡ! ಭಾಷೆ ನಡೆದ ದಾರಿಯಲ್ಲೇ ಆ ಹುಡುಗನ ನಾಲಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಬಿಟ್ಟಿತು. ಬರೆಯುವಾಗ 'ಹಾಲು' ಎಂದೇ ಬರೆಯಬೇಕು ಎಂದು ಮೇಷ್ಟ್ರು ಕಲಿಸಬೇಕಾದದ್ದು ಸರಿ. ಶಾಲೆ ಇರುವುದೇ ಅದಕ್ಕೆ. ಆದರೆ ಕಲಿಸುವುದಕ್ಕೂ ನಗುವುದಕ್ಕೂ ವ್ಯತ್ಯಾಸವಿದೆ. ಆ ದಿನದ ನಂತರ ನಮ್ಮ ಗೆಳೆಯ ಗಟ್ಟಿಯಾಗಿ ಓದಲು ಎದ್ದು ನಿಲ್ಲಲೇ ಇಲ್ಲ. ಹತ್ತನೆಯ ತರಗತಿ ಮುಗಿಸಲೂ ಇಲ್ಲ.

ಅದೇ ದಾರಿಯಲ್ಲಿ ಬಂದ ಇನ್ನೊಂದು ಪದ

ಬೈಗುಳಕ್ಕೆ ಮದ್ದಿಲ್ಲವೇ? ಇದೆ ಎನ್ನುವುದಕ್ಕೆ ಸಾಕ್ಷಿಯಾಗಿ ಇನ್ನೊಂದು ಪದವಿದೆ. ಅದು 'ರೈತ'.

ಇದು ಅಚ್ಚ ಕನ್ನಡದ ಪದವೆಂದು ಬಹಳ ಮಂದಿ ತಿಳಿದಿದ್ದಾರೆ. ಇದರ ಮೂಲ ಅರಬಿಯ 'ರಇಯ್ಯತ್'. ಕುರುಬನೊಬ್ಬ ಕಾಯುವ ಮಂದೆ ಎಂಬುದು ಅದರ ಮೊದಲ ಅರ್ಥ. ಕುರುಬ ಹಾಕಿದ ದಾರಿಯಲ್ಲಿ ಹೋಗುವುದು ಮಂದೆಯ ಕೆಲಸ. ಅಲ್ಲಿಂದ ಅದಕ್ಕೆ ದೊರೆಯ ಕೈಕೆಳಗಿನ ಪ್ರಜೆ ಎಂಬ ಅರ್ಥ ಬಂತು. ಪಾರ್ಸಿ ಆಡಳಿತದಲ್ಲಿ ಕಂದಾಯ ಕಟ್ಟುವ ಒಕ್ಕಲಿಗ ಎಂಬ ಅರ್ಥ ನಿಂತಿತು. ತಹಸೀಲ್ದಾರ, ಅರ್ಜಿ, ಜಮೀನು, ದಾಖಲೆಗಳ ಜೊತೆಯಲ್ಲಿ ಅದು ಕನ್ನಡಕ್ಕೆ ಬಂತು. 1800ರಿಂದ 1807ರವರೆಗೆ ಬಳ್ಳಾರಿಯೂ ಸೇರಿದ ಸೀಮೆಗೆ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಯನ್ನು ಬೆಳೆಸಿದ ಮೇಲೆ ಈ ಪದ ಸರ್ಕಾರದ ಕಾಗದಗಳಲ್ಲಿ ಗಟ್ಟಿಯಾಗಿ ಕುಳಿತಿತು. ಅಲ್ಲಿ ರೈತ ಎಂದರೆ ತೆರಿಗೆ ತೆರಬೇಕಾದವನು, ಅಷ್ಟೇ. ಗೌರವದ ಸೋಂಕೂ ಆ ಪದಕ್ಕಿರಲಿಲ್ಲ.

1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ ಮತ್ತು ಅಭಿವೃದ್ಧಿ ಕರಗಳ ವಿರುದ್ಧ ಎದ್ದರು. ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಹಸಿರು ಶಾಲು ಹೊದ್ದವರು ಕಚೇರಿಗಳ ಮುಂದೆ ಬಂದು ಕುಳಿತರು. ಅಧಿಕಾರಿಗಳು ಅನುಮತಿಯಿಲ್ಲದೆ ಊರೊಳಗೆ ಬರಬಾರದು ಎಂಬ ಬೋರ್ಡುಗಳು ಹಳ್ಳಿಗಳ ಮುಂದೆ ಎದ್ದವು. ಮಂದೆ ಎಂದು ಕರೆಸಿಕೊಂಡವರು ಕಾಯುವವನನ್ನೇ ಊರಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದರು. ಅಲ್ಲಿಂದ ಮುಂದೆ ರೈತ ಎನ್ನುವಾಗ ಯಾರಿಗೂ ಮಂದೆಯ ನೆನಪಾಗಲಿಲ್ಲ. ನಿಘಂಟು ತಿದ್ದಿದವರು ಪಂಡಿತರಲ್ಲ, ಬೀದಿಗಿಳಿದ ಜನ.

ಗಮಾರ ಮತ್ತು ರೈತ ಎರಡೂ ಉತ್ತರದ ಭಾಷೆಗಳಿಂದ ಕನ್ನಡಕ್ಕೆ ಬಂದು, ಒಂದೇ ಮನುಷ್ಯನ ಮೇಲೆ ಕುಳಿತ ಪದಗಳು. ಒಂದರ ಹಿಂದೆ ಜನ ನಿಂತರು, ಅದು ಎದ್ದಿತು. ಇನ್ನೊಂದು ಹಾಗೆಯೇ ಬಿದ್ದಿದೆ. ಸಾಹಿತ್ಯವೂ ಈ ಕೆಲಸದಲ್ಲಿ ಕೈಜೋಡಿಸಿದೆ ಎನ್ನಬೇಕು. ಉರ್ದುವಿನಲ್ಲಿ ಬರೆಯಲು ಆರಂಭಿಸಿದ ಪ್ರೇಮಚಂದರು 1936ರ 'ಗೋದಾನ'ದಲ್ಲಿ ಹೋರಿ ಎಂಬ ಬಡ ಒಕ್ಕಲಿಗನನ್ನು ಕಾದಂಬರಿಯ ನಡುವೆ ತಂದು ನಿಲ್ಲಿಸಿದರು. ಕನ್ನಡದಲ್ಲಿ ದೇವನೂರ ಮಹಾದೇವ 1984ರ 'ಕುಸುಮಬಾಲೆ'ಯನ್ನು ತಮ್ಮ ಸೀಮೆಯ ಆಡುಮಾತಿನಲ್ಲೇ ಬರೆದರು. ಗ್ರಂಥದಲ್ಲಿ ಬಂದ ಮೇಲೆ ಅದೂ ಗ್ರಾಂಥಿಕವೇ ತಾನೆ?

ಇಷ್ಟು ಹೇಳಿ ಹಳ್ಳಿಯನ್ನು ಸ್ವರ್ಗ ಮಾಡುವುದು ನಮ್ಮ ಉದ್ದೇಶವಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಹಳ್ಳಿಯನ್ನು ಅಜ್ಞಾನದ, ಸಂಕುಚಿತತೆಯ, ಕೋಮುಭಾವನೆಯ ಗುಹೆ ಎಂದು ಕಟುವಾಗಿ ಟೀಕಿಸಿದ್ದರು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನಿಗೆ ಪಟ್ಟಣವೇ ಬಿಡುಗಡೆಯ ದಾರಿಯಾಗಿದ್ದುಂಟು. ಪಟ್ಟಣದವರು ಗಮಾರ ಎಂದಾಗ ನೋಯುವ ಹಳ್ಳಿಗನ ಬಾಯಲ್ಲೂ ತನಗಿಂತ ಕೆಳಗಿನವರೆಂದು ತಿಳಿದವರಿಗಾಗಿ ಇಟ್ಟುಕೊಂಡ ಪದಗಳಿವೆ. ಅವುಗಳಲ್ಲಿ ಹೆಚ್ಚಿನವು ಜಾತಿಯ ಹೆಸರುಗಳೇ. ಗಮಾರ ಎಂಬ ಪದವನ್ನು ಬಿಡುವವರು ಅವನ್ನೂ ಬಿಡಬೇಕಾಗುತ್ತದೆ. ಆದರೆ ಅಂಬೇಡ್ಕರರು ಟೀಕಿಸಿದ್ದು ಹಳ್ಳಿಯ ವ್ಯವಸ್ಥೆಯನ್ನು. ಗಮಾರ ಎಂಬ ಪದ ಮುಟ್ಟುವುದು ಮನುಷ್ಯನನ್ನು, ಅವನ ಬಾಯಿಯನ್ನು.

ರಾಗಿ ಕೊಯ್ಲಿನ ಲೆಕ್ಕ

ಬಾಯಿ ಎಂದದ್ದಕ್ಕೆ ಕಾರಣವಿದೆ. ನಾವು ಕಾಲೇಜು ಓದುತ್ತಿದ್ದಾಗ ನಮ್ಮ ನಾನಿಯನ್ನು ಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೆಮ್ಮು, ಎದೆನೋವು. ಚೀಟಿ ಬರೆಯುವವರು, ಎಷ್ಟು ದಿನದಿಂದ ಎಂದು ಕೇಳಿದರು. 'ರಾಗಿ ಕೊಯ್ಲು ಮುಗಿದಾಗಿಂದ ಸ್ವಾಮಿ' ಎಂದರು ನಾನಿ. ಚೀಟಿ ಬರೆಯುವವರು ಪಕ್ಕದವರನ್ನು ನೋಡಿ ನಕ್ಕರು. 'ತಿಂಗಳು ಹೇಳಮ್ಮ, ಗಮಾರರ ಥರ ಆಡಬೇಡ' ಎಂದರು. ಹಿಂದೆ ಸಾಲಿನಲ್ಲಿದ್ದವರೂ ನಕ್ಕರು. ನಮಗೆ ನಾಚಿಕೆಯಾಯಿತು. ಆ ಚೀಟಿ ಬರೆಯುವವರ ಮೇಲೆ ಬರಬೇಕಿದ್ದ ಸಿಟ್ಟು ನಾನಿಯ ಮೇಲೆ ಬಂತು. 'ಗಂವಾರಾಂ ಸರೀಕಾ ಬಾತಾಂ ನಕ್ಕೋ ಕರೋ, ನಾನಿ' ಎಂದು ಗದರಿದೆವು. ಹಳ್ಳಿ ಗಮಾರರಂತೆ ಮಾತಾಡಬೇಡಿ ಎಂದು. ಹಾಗೆ ಗದರುವಾಗ ನಾವು ಆಡಿದ್ದು ಅದೇ ಬಾತಾಂ, ಅದೇ ನಕ್ಕೋ ಎಂಬುದು ಆಗ ಗೊತ್ತಾಗಲಿಲ್ಲ.

ನಾನಿ ಆಮೇಲೆ ಬಾಯಿ ತೆರೆಯಲಿಲ್ಲ. ಡಾಕ್ಟರರು ಕೇಳಿದ್ದಕ್ಕೆಲ್ಲ ಹೂಂ, ಊಹೂಂ ಅಷ್ಟೇ. ಕೆಮ್ಮಿಗೆ ಔಷಧಿ ಕೊಟ್ಟು ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ, ಊರು ಹತ್ತಿರವಾದ ಮೇಲೆ, ಕೆಮ್ಮಿದಾಗ ರಕ್ತ ಬೀಳುತ್ತಿದೆ ಎಂದು ಮೆಲ್ಲಗೆ ಹೇಳಿದರು. ಅಲ್ಲಿಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆವು. 'ತೂಚ್ ಬೋಲ್ಯಾ ನಾ, ಬಾತಾಂ ನಕ್ಕೋ ಕರೋ ಬೋಲ್ಕೇ' ಎಂದರು. ನೀನೇ ಹೇಳಿದೆಯಲ್ಲ, ಮಾತಾಡಬೇಡ ಅಂತ.

ಮರುದಿನ ಮತ್ತೆ ಹೋದೆವು. ಕಫ ಪರೀಕ್ಷೆಯಾಯಿತು. ಕ್ಷಯ ಎಂದು ತಿಳಿಯಿತು. ಆರು ತಿಂಗಳು ಮಾತ್ರೆ ನುಂಗಿ ಗುಣವಾದರು, ಬಹಳ ವರ್ಷ ಬದುಕಿದರು. ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ.

ರಾಗಿ 'ಕೊಯ್ಲು ಮುಗಿದಾಗಿನಿಂದ' ಎನ್ನುವುದು ಬೆಳೆಯ ಲೆಕ್ಕ ಬಲ್ಲವರಿಗೆ ಸರಿಯಾದ ತಾರೀಖು. ನಾನಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಆ ಕ್ಯಾಲೆಂಡರು ಓದಲು ಬಾರದೆ ಹೋದವರು ಮೇಜಿನ ಆಚೆ ಒಬ್ಬರಿದ್ದರು, ಈಚೆ ನಾವಿದ್ದೆವು.